ಮೂರನೆಯ ಮಾತ್ರೆಗೆ ಮೊದಲು

ಮಗುವಿಗೆ ಫಿಟ್ಸ್ ಬಂದಾಗ ಹೆತ್ತವರು ಮೊದಲು ಮಾತ್ರೆಯನ್ನು ನಂಬುತ್ತಾರೆ. ಆ ನಂಬಿಕೆ ತಪ್ಪಲ್ಲ, ಬಹಳಷ್ಟು ಮಕ್ಕಳಿಗೆ ಮಾತ್ರೆಯೇ ಸಾಕಾಗುತ್ತದೆ. ಆದರೆ ಮಿದುಳಿನ ರಚನೆಯಲ್ಲೇ ದೋಷವಿರುವ ಮಕ್ಕಳ ಕಥೆ ಬೇರೆ. ಗರ್ಭದಲ್ಲಿ ನರಕೋಶಗಳು ಮಿದುಳಿನ ಒಳಭಾಗದಿಂದ ಹೊರಕ್ಕೆ ಸಾಗಿ, ಪದರ ಪದರವಾಗಿ ನೆಲೆಗೊಳ್ಳುತ್ತವೆ. ಆ ಹಂತದಲ್ಲಿ ಎಡವಟ್ಟಾದರೆ ಒಂದು ತುಣುಕು ಜಾಗದಲ್ಲಿ ಕೋಶಗಳು ಅಡ್ಡಾದಿಡ್ಡಿಯಾಗಿ ಉಳಿದುಬಿಡುತ್ತವೆ. 1971ರಲ್ಲಿ ಇಂಗ್ಲೆಂಡಿನ ವೈದ್ಯರು ವಿವರಿಸಿದ ‘ಫೋಕಲ್ ಕಾರ್ಟಿಕಲ್ ಡಿಸ್‌ಪ್ಲೇಸಿಯಾ’ ಇಂಥದ್ದೇ. ಕಾರ್ಬಮಜೆಪಿನ್, ವಾಲ್‌ಪ್ರೊಯೇಟ್, ಲೆವೆಟಿರಾಸೆಟಮ್ ಮುಂತಾದ ಔಷಧಗಳು ನರಕೋಶಗಳ ಅತಿಯಾದ ವಿದ್ಯುತ್ ಚಟುವಟಿಕೆಯನ್ನು ತಗ್ಗಿಸುತ್ತವೆಯೇ ಹೊರತು ಆ ತುಣುಕನ್ನು ಸರಿಪಡಿಸುವುದಿಲ್ಲ. ಆದ್ದರಿಂದ ಇಂಥ ಮಕ್ಕಳಲ್ಲಿ ಎರಡು ಔಷಧಗಳು ಸೋತ ಮೇಲೆ ಮೂರನೆಯದನ್ನು, ನಾಲ್ಕನೆಯದನ್ನು ಹುಡುಕುತ್ತ ವರ್ಷಗಳನ್ನು ಕಳೆಯಬಾರದು; ಶಸ್ತ್ರಚಿಕಿತ್ಸೆ ಸಾಧ್ಯವೇ ಎಂಬುದನ್ನು ಆಗಲೇ ಪರೀಕ್ಷಿಸಬೇಕು.

ಇದಕ್ಕೆ ಗಟ್ಟಿ ಆಧಾರವಿದೆ. ಗ್ಲಾಸ್ಗೋದಲ್ಲಿ ಕ್ವಾನ್ ಮತ್ತು ಬ್ರೋಡಿ ನಡೆಸಿ 2000ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹಿಂದೆ ಚಿಕಿತ್ಸೆಯನ್ನೇ ಪಡೆಯದ 470 ಮಂದಿಯ ಪೈಕಿ ಶೇ 47ರಷ್ಟು ಜನರಿಗೆ ಮೊದಲ ಔಷಧದಲ್ಲೇ ಸೆಳೆತ ನಿಂತಿತು. ಎರಡನೆಯ ಅಥವಾ ಮೂರನೆಯ ಔಷಧದಿಂದ ಗುಣ ಕಂಡವರು ಶೇ 14 ಮಾತ್ರ. ಅಂತರರಾಷ್ಟ್ರೀಯ ಅಪಸ್ಮಾರ ವಿರೋಧಿ ಒಕ್ಕೂಟ 2010ರಲ್ಲಿ ‘ಔಷಧಕ್ಕೆ ಬಗ್ಗದ ಅಪಸ್ಮಾರ’ದ ಗೆರೆಯನ್ನು ಎರಡನೆಯ ಔಷಧದ ಸೋಲಿಗೇ ಎಳೆಯಿತು. ಇನ್ನೂ ಬಲವಾದ ಸಾಕ್ಷ್ಯ ನಮ್ಮ ದೇಶದ್ದೇ. ದೆಹಲಿಯ ಏಮ್ಸ್ ವೈದ್ಯರು ಔಷಧಕ್ಕೆ ಬಗ್ಗದ ಅಪಸ್ಮಾರವಿದ್ದ 116 ಮಕ್ಕಳ ಮೇಲೆ ನಡೆಸಿದ ಪ್ರಯೋಗ 2017ರಲ್ಲಿ ಪ್ರಕಟವಾಯಿತು. ಒಂದು ವರ್ಷದ ನಂತರ, ಶಸ್ತ್ರಚಿಕಿತ್ಸೆಯಾದವರಲ್ಲಿ ಶೇ 77 ಮಕ್ಕಳು ಸೆಳೆತದಿಂದ ಮುಕ್ತರಾಗಿದ್ದರು. ಔಷಧವನ್ನಷ್ಟೇ ಮುಂದುವರಿಸಿದವರಲ್ಲಿ ಆ ಪ್ರಮಾಣ ಶೇ 7. ಆ ಮಕ್ಕಳೆಲ್ಲರದೂ ಹುಟ್ಟಿನ ರಚನಾದೋಷವಲ್ಲ, ನಿಜ. ಆದರೂ ಇಷ್ಟು ದೊಡ್ಡ ಅಂತರವನ್ನು ಕಡೆಗಣಿಸಲಾಗದು.

ಎಳೆಯ ತಲೆಗೆ ಕತ್ತಿ ಹಾಕಿಸುವುದೇ ಎಂಬ ಭಯ ಸಹಜ. ಅದೇ ಪ್ರಯೋಗದಲ್ಲಿ ಶಸ್ತ್ರಚಿಕಿತ್ಸೆಯಾದ ಮೂರರಲ್ಲೊಂದು ಮಗುವಿಗೆ ಗಂಭೀರ ತೊಂದರೆಗಳಾದವು. ಹೆಚ್ಚಿನವು ದೇಹದ ಒಂದು ಪಾರ್ಶ್ವದ ಬಲಹೀನತೆ. ಇದನ್ನು ಹೆತ್ತವರಿಂದ ಮುಚ್ಚಿಡಬಾರದು. ಆದರೆ ಕಾಯುವುದಕ್ಕೂ ಬೆಲೆ ತೆರಬೇಕು: ಬೆಳೆಯುವ ಮಿದುಳಿಗೆ ಪದೇ ಪದೇ ಸೆಳೆತ ಬಂದರೆ ಮಾತು, ಕಲಿಕೆ ಎರಡೂ ಹಿಂದೆ ಬೀಳಬಹುದು. ಹೊಸ ಔಷಧ ಬರುತ್ತದಲ್ಲ ಎನ್ನುವವರ ಮಾತಿನಲ್ಲೂ ಹುರುಳಿದೆ. ಟ್ಯೂಬರಸ್ ಸ್ಕ್ಲೆರೋಸಿಸ್ ಎಂಬ ಆನುವಂಶಿಕ ಕಾಯಿಲೆಯಲ್ಲಿ ಎವೆರೊಲಿಮಸ್ ಎಂಬ ಔಷಧ ದೋಷದ ಮೂಲದಲ್ಲಿರುವ ಎಂಟಿಒಆರ್ ಎಂಬ ಕೋಶ ಬೆಳವಣಿಗೆಯ ಸಂಕೇತವನ್ನೇ ತಡೆಯುತ್ತದೆ. ಆದರೂ 2016ರ ಪ್ರಯೋಗದಲ್ಲಿ ಹೆಚ್ಚಿನ ಪ್ರಮಾಣದಲ್ಲಿ ಅದನ್ನು ಪಡೆದವರಲ್ಲಿ ಸೆಳೆತ ಅರ್ಧಕ್ಕಾದರೂ ಇಳಿದದ್ದು ಶೇ 40 ಮಂದಿಗೆ ಮಾತ್ರ. ಇಂಥ ಔಷಧಗಳು ಬೇಕು. ಅವುಗಳ ಹೆಸರಿನಲ್ಲಿ ತಪಾಸಣೆ ಮುಂದೂಡುವುದು ಬೇಡ.

ತಪಾಸಣೆಗೆ ಕಳಿಸಿದ ಮಾತ್ರಕ್ಕೆ ಶಸ್ತ್ರಚಿಕಿತ್ಸೆ ಆಗಲೇಬೇಕೆಂದಿಲ್ಲ. ಮಿದುಳಿನ ಎರಡೂ ಬದಿ ದೋಷ ಹರಡಿದ್ದರೆ, ಇಲ್ಲವೇ ಅದು ಮಾತಿನ ಕೇಂದ್ರದಲ್ಲೇ ಇದ್ದರೆ ವೈದ್ಯರು ಬೇಡವೆನ್ನಬಹುದು. ಇದನ್ನು ತೀರ್ಮಾನಿಸಲು ವಿಡಿಯೋ ಇಇಜಿ ಬೇಕು, ಜೊತೆಗೆ ಅಪಸ್ಮಾರದ ದೃಷ್ಟಿಯಿಂದಲೇ ತೆಗೆದು ಓದಿದ ಎಂಆರ್‌ಐ ಬೇಕು. ಸಾಮಾನ್ಯ ಸ್ಕ್ಯಾನಿನಲ್ಲಿ ಸಣ್ಣ ಡಿಸ್‌ಪ್ಲೇಸಿಯಾ ಕಣ್ತಪ್ಪುತ್ತದೆ. ‘ನಾರ್ಮಲ್’ ಎಂಬ ವರದಿ ಬಂತೆಂದು ಅಲ್ಲಿಗೇ ನಿಲ್ಲುವುದು ಸರಿಯಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದೆಲ್ಲ ಸಿಗುತ್ತದೆ. ಎರಡನೆಯ ಔಷಧ ಸೋತ ದಿನವೇ ಊರಿನ ವೈದ್ಯರು ಅಲ್ಲಿಗೆ ಚೀಟಿ ಬರೆದುಕೊಡಬೇಕು. ಅಲ್ಲಿಯವರೆಗೆ ಹೆತ್ತವರು ಮಾತ್ರೆಯನ್ನು ತಾವಾಗಿಯೇ ನಿಲ್ಲಿಸಬಾರದು. ಥಟ್ಟನೆ ಬಿಟ್ಟರೆ ಸೆಳೆತ ಇನ್ನಷ್ಟು ಜೋರಾಗಿ ಮರಳಬಹುದು.