ಕೆರೆದಷ್ಟೂ ಗರ್ಭಕೋಶ ಚೊಕ್ಕಟವಾಗುವುದಿಲ್ಲ

"ಅಬಾರ್ಷನ್ ಆದಮೇಲೆ ಚೆನ್ನಾಗಿ ಕ್ಲೀನ್ ಮಾಡಿಸ್ಬಿಡು, ಒಳಗೆ ಒಂಚೂರೂ ಉಳೀಬಾರದು." ಬೆಂಗಳೂರಿನ ಹನುಮಂತನಗರದ ಮನೆಗಳಲ್ಲಿ ಅತ್ತೆಯೋ ಅಮ್ಮನೋ ಕಾಳಜಿಯಿಂದಲೇ ಹೇಳುವ ಮಾತು. ಉಳಿದ ಚೂರುಗಳಿಂದ ರಕ್ತಸ್ರಾವ, ಜ್ವರ ಬಂದರೆ ತೆಗೆಯಲೇಬೇಕು, ನಿಜ. ಆದರೆ ಗಟ್ಟಿಯಾಗಿ ಕೆರೆದಷ್ಟೂ ಒಳ್ಳೆಯದು ಎಂಬುದು ತಪ್ಪು. ಗರ್ಭಕೋಶದೊಳಗೆ ಗಾಯದ ಕಲೆ ಕಟ್ಟಿ ಗೋಡೆಗಳು ಒಂದಕ್ಕೊಂದು ಅಂಟಿಕೊಳ್ಳುವುದಕ್ಕೆ ಮುಖ್ಯ ಕಾರಣವೇ ಆ ಕೆರೆತ. ಜೋಸೆಫ್ ಆಶರ್ಮನ್ 1948ರಲ್ಲಿ ಇದನ್ನು ವಿವರಿಸಿದರು. ಕಾಯಿಲೆಗೆ ಅವರ ಹೆಸರೇ ಉಳಿಯಿತು.

ಒಳಪದರದಲ್ಲಿ ಎರಡು ಸ್ತರಗಳಿವೆ. ಮೇಲಿನದು ಪ್ರತಿ ತಿಂಗಳು ಕಳಚಿ, ಕಲೆಯೇ ಇಲ್ಲದೆ ಮತ್ತೆ ಬೆಳೆಯುತ್ತದೆ. ಗರಿಕೆಯನ್ನು ಮೇಲೆ ಕೊಯ್ದರೆ ಚಿಗುರುತ್ತದಲ್ಲ, ಹಾಗೆ. ಚಿಗುರಿಸುವ ಮೂಲಕೋಶಗಳಿರುವುದು ತಳದ ಸ್ತರದಲ್ಲಿ. ಕೆರೆಯುವ ಉಪಕರಣವಾದ ಕ್ಯುರೆಟ್ ಅಲ್ಲಿಯವರೆಗೂ ಇಳಿದರೆ ಚಿಗುರುವ ಶಕ್ತಿಯೇ ಹೋಗುತ್ತದೆ.

ಕಲೆ ಎಂದರೆ ವಾಸಿಯಾಗದೆ ಉಳಿದ ಗಾಯ ಎಂದು ಅನೇಕರು ತಿಳಿದಿದ್ದಾರೆ. ನಿಜಕ್ಕೂ ಅದು ನಿಲ್ಲಬೇಕಾದಲ್ಲಿ ನಿಲ್ಲದ ರಿಪೇರಿ. ಗಾಯವಾದ ಕೂಡಲೇ ಫೈಬ್ರಿನ್ ಎಂಬ ಪ್ರೋಟೀನಿನ ಬಲೆ ಹೆಣೆದುಕೊಳ್ಳುತ್ತದೆ. ಮಾಮೂಲಾಗಿ ಪ್ಲಾಸ್ಮಿನ್ ಎಂಬ ಕಿಣ್ವ ಅದನ್ನು ಕರಗಿಸಬೇಕು. ಅದನ್ನು ತಡೆಯುವ ಪಿಎಐ-1 ಎಂಬ ಪ್ರೋಟೀನು ಹೆಚ್ಚಾದರೆ ಪ್ಲಾಸ್ಮಿನ್ ತಯಾರಾಗದೆ ಬಲೆ ಉಳಿಯುತ್ತದೆ. ಇತ್ತ ಟಿಜಿಎಫ್-ಬೀಟಾ 1 ಎಂಬ ಸಂಕೇತದ ಅಣು ಕೋಶದ ಹೊರಪೊರೆಯ ಮೇಲೆ ಕೂತು, ಸ್ಮ್ಯಾಡ್ 2 ಮತ್ತು 3 ಎಂಬ ಪ್ರೋಟೀನುಗಳ ಮೂಲಕ ಜೀನುಗಳಿಗೆ ಆಜ್ಞೆ ಮುಟ್ಟಿಸುತ್ತದೆ. ಆಗ ಫೈಬ್ರೋಬ್ಲಾಸ್ಟ್ ಎಂಬ ಕೋಶಗಳು ಮಯೋಫೈಬ್ರೋಬ್ಲಾಸ್ಟ್‌ಗಳಾಗಿ ಬದಲಾಗಿ ಕೊಲಾಜೆನ್ ಎಂಬ ನಾರಿನಂಥ ಪ್ರೋಟೀನನ್ನು ಸುರಿಯತೊಡಗುತ್ತವೆ. ಕೆಲಸ ಮುಗಿದಾಗ ಈ ಕೋಶಗಳು ಸಾಯಬೇಕು. ಆಳವಾದ ಗಾಯದಲ್ಲಿ ಸಾಯುವುದಿಲ್ಲ. ಬಿರುಸಾದ ಕೊಲಾಜೆನ್ ತಾನೇ ಇನ್ನಷ್ಟು ಟಿಜಿಎಫ್-ಬೀಟಾವನ್ನು ಎಬ್ಬಿಸುತ್ತದೆ. ರಕ್ತನಾಳಗಳು ಕಡಿಮೆಯಾಗುತ್ತವೆ.

ಆದ್ದರಿಂದಲೇ ಮುಟ್ಟು ಕಡಿಮೆಯಾಗುವುದು. "ಕೆಟ್ಟ ರಕ್ತ ಒಳಗೇ ಉಳಿದಿದೆ, ಎಳ್ಳು ಬೆಲ್ಲ ತಿನ್ನು" ಎಂಬ ಸಲಹೆ ಇಲ್ಲಿ ನಾಟುವುದಿಲ್ಲ. ಅಂಡಾಶಯ ಸಾಮಾನ್ಯವಾಗಿ ಸರಿಯಾಗಿಯೇ ಇರುತ್ತದೆ. ಬೆಳೆಯಬೇಕಾದ ಪದರವೇ ಇಲ್ಲದಿದ್ದರೆ ಹೊರಬರಲು ಏನಿರುತ್ತದೆ? ಗರ್ಭಕಂಠ ಮಾತ್ರ ಮುಚ್ಚಿಕೊಂಡಿದ್ದರೆ ರಕ್ತ ನಿಂತು ಪ್ರತಿ ತಿಂಗಳು ನೋವು ಬರಬಹುದು. ಆಗ ಡಾಕ್ಟರನ್ನು ಕಾಣಲು ತಡಮಾಡಬಾರದು.

ಅಂಟಿಗೆ ಕೆರೆತವೊಂದೇ ಕಾರಣವಲ್ಲ. ಕ್ಷಯವೆಂದರೆ ಕೆಮ್ಮು ಎಂಬ ನಂಬಿಕೆ ನನ್ನನ್ನು ಹೆಚ್ಚು ಕಾಡುತ್ತದೆ. 1959ರಿಂದ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಇರುವ ಊರು ಬೆಂಗಳೂರು. ಆದರೂ ಕೆಮ್ಮೇ ಇಲ್ಲದ ಹೆಂಗಸಿನ ಗರ್ಭಕೋಶಕ್ಕೆ ಕ್ಷಯ ತಗುಲಬಹುದೆಂದು ಇಲ್ಲಿ ಎಷ್ಟು ಮನೆಗಳಿಗೆ ಗೊತ್ತು? ಶ್ವಾಸಕೋಶದಿಂದ ರಕ್ತದ ಮೂಲಕ ಬ್ಯಾಕ್ಟೀರಿಯಾ ಮೊದಲು ಗರ್ಭನಾಳಕ್ಕೆ, ಅಲ್ಲಿಂದ ಒಳಪದರಕ್ಕೆ ಇಳಿಯುತ್ತದೆ. ಭಾರತದಲ್ಲಿ ಈ ಅಂಟಿಗೆ ಇದೂ ದೊಡ್ಡ ಕಾರಣ. ಸರ್ಕಾರಿ ಕೇಂದ್ರಗಳಲ್ಲಿ ಉಚಿತವಾಗಿ ಸಿಗುವ 6 ತಿಂಗಳ ಮಾತ್ರೆ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ, ಕಟ್ಟಿದ ಕೊಲಾಜೆನ್ ಅನ್ನು ಕರಗಿಸುವುದಿಲ್ಲ. ಬೇಗ ಪತ್ತೆಯಾಗಬೇಕಿರುವುದು ಅದಕ್ಕೇ.

ಸ್ಕ್ಯಾನಿಂಗ್ ನಾರ್ಮಲ್ ಬಂದರೆ ಸಾಕೆ? ಸಾಲದು, ತೆಳುವಾದ ಅಂಟು ತಪ್ಪಿಹೋಗಬಹುದು. ಹಿಸ್ಟರೋಸ್ಕೋಪಿಯಲ್ಲಿ ಒಳಗೆ ನೇರವಾಗಿ ನೋಡಿ, ಅಲ್ಲೇ ಬಿಡಿಸಲೂಬಹುದು. ಇನ್ನು ಅಬಾರ್ಷನ್ ವಿಚಾರದಲ್ಲಿ, ಕ್ಯುರೆಟ್ ಬೇಡ, ವ್ಯಾಕ್ಯೂಮ್ ಅಥವಾ ಮಾತ್ರೆ ಬಳಸಿ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಯಾವ ವಿಧಾನ ಎಂದು ಮೊದಲೇ ಕೇಳಬಹುದು.

"ಇನ್ನು ಮಕ್ಕಳಾಗಲ್ಲ" ಎಂಬುದೂ ಎಲ್ಲರಿಗೂ ನಿಜವಲ್ಲ. ಅಂಟು ಬಿಡಿಸಿಕೊಂಡು ಬಸಿರಾದವರಿದ್ದಾರೆ. ಆದರೆ ಒಳಪದರ ತೆಳುವಾಗಿರುವ ಕಡೆ ಮಾಸು ಗರ್ಭಕೋಶದ ಸ್ನಾಯುವಿನೊಳಕ್ಕೇ ಬೇರೂರಬಹುದು. ಹಾಗಾಗಿ ಗರ್ಭಕೋಶ ಕೆರೆಸಿದ ಹಳೆಯ ಡಿ ಅಂಡ್ ಸಿ, ಕ್ಷಯ, ಅಂಟು ಬಿಡಿಸಿದ ಆಪರೇಷನ್ ಎಲ್ಲವನ್ನೂ ಮೊದಲ ತಪಾಸಣೆಯಲ್ಲೇ ಡಾಕ್ಟರಿಗೆ ಹೇಳಬೇಕು.