ನಿಮಗಿದು ಗೊತ್ತೆ? ಬಕೆಟ್ ನೀರಿನಲ್ಲಿ ಉಸಿರುಗಟ್ಟುವ ಹಾವುಮೀನು

ಅಮೆರಿಕದ ಪೂರ್ವ ಕರಾವಳಿಯಲ್ಲಿ, ಪಕ್ಕೆಯುದ್ದಕ್ಕೂ ಕಪ್ಪು ಗೆರೆಗಳಿರುವ ಸ್ಟ್ರೈಪ್ಡ್ ಬಾಸ್ ಮೀನಿಗೆ ರಾತ್ರಿ ಗಾಳ ಹಾಕುವವರು ಬಹಳ ನೆಚ್ಚುವ ಎರೆ ಜೀವಂತ ಹಾವುಮೀನು. ಅಂಗಡಿಯಿಂದ ಕೊಂಡು ತಂದ ಹಾವುಮೀನನ್ನು ಬಲ್ಲವರು ಬಕೆಟ್ ನೀರಿಗೆ ಬಿಡುವುದಿಲ್ಲ! ನಿಂತ ನೀರಿನಲ್ಲಿ ಆಮ್ಲಜನಕ ಬೇಗ ಮುಗಿದು ಅದು ಸಾಯುತ್ತದೆ. ಬದಲಿಗೆ ಐಸ್ ಮೇಲೆ ಒದ್ದೆ ಬಟ್ಟೆ ಹಾಸಿ ಮಲಗಿಸುತ್ತಾರೆ. ಚರ್ಮದಿಂದಲೂ ಉಸಿರಾಡಬಲ್ಲ ಈ ಮೀನು, ಮೈ ತಂಪಾಗಿ ತೇವವಾಗಿದ್ದರೆ ಗಂಟೆಗಟ್ಟಲೆ ಬದುಕುತ್ತದೆ. ಐಸ್ ಕರಗಿದ ನೀರು ತಳದಲ್ಲಿ ನಿಲ್ಲಬಾರದು, ಅಷ್ಟೆ. ತಣ್ಣಗಾಗಿ ಮಂಕಾದ ಹಾವುಮೀನು ಕೈಯಿಂದ ಅಷ್ಟಾಗಿ ಜಾರುವುದೂ ಇಲ್ಲ.

ಹೀಗೆಯೇ ಜೀವಂತ ಎರೆಯಾಗಿ ಬಳಸುವ ಹೆರಿಂಗ್, ಶ್ಯಾಡ್ ಮೀನುಗಳು ಇಷ್ಟು ಗಟ್ಟಿ ಜೀವಗಳಲ್ಲ. ಸದಾ ಈಜುತ್ತಿರಬೇಕಾದ ಇವಕ್ಕೆ ದುಂಡನೆಯ ತೊಟ್ಟಿಯೇ ಬೇಕು. ಚೌಕದ ತೊಟ್ಟಿಯಾದರೆ ಮೂಲೆಯಲ್ಲಿ ಒತ್ತೊತ್ತಾಗಿ ಸೇರಿ ಮೂತಿ ಗಾಯ ಮಾಡಿಕೊಳ್ಳುತ್ತವೆ. ನಲ್ಲಿ ನೀರಿನ ಕ್ಲೋರಿನ್ ಇವುಗಳ ಕಿವಿರಿಗೆ ವಿಷ.

2021ರಿಂದ ಅಟ್ಲಾಂಟಿಕ್ ಕರಾವಳಿಯ ರಾಜ್ಯಗಳಲ್ಲಿ ಎರೆ ಕಟ್ಟಿ ಸ್ಟ್ರೈಪ್ಡ್ ಬಾಸ್ ಹಿಡಿಯುವ ಹವ್ಯಾಸಿಗಳು, ತುದಿ ಒಳಕ್ಕೆ ಬಾಗಿದ ದುಂಡು ಕೊಕ್ಕೆಯನ್ನೇ ಬಳಸಬೇಕೆಂಬ ನಿಯಮವಿದೆ. ಈ ಕೊಕ್ಕೆ ಹೊಟ್ಟೆಗಿಳಿಯದೆ ಹೆಚ್ಚಾಗಿ ಬಾಯಂಚಿಗೇ ಸಿಕ್ಕುವುದರಿಂದ, ಮರಳಿ ನೀರಿಗೆ ಬಿಟ್ಟ ಮೀನು ಬದುಕುವ ಸಾಧ್ಯತೆ ಹೆಚ್ಚು.