ವರವು ಕಾವಲಿನ ಎತ್ತರವೆಷ್ಟು?

ಮಕ್ಕಳಿರುವ ಮನೆಗಳಲ್ಲಿ ಬಾಗಿಲುವಾಡದ ಮೇಲೆ ಸೀಮೆಸುಣ್ಣದ ಗೀಟುಗಳು ಇರುವುದುಂಟು. ಪ್ರತಿ ಯುಗಾದಿಗೊಮ್ಮೆ ಮಗುವನ್ನು ಬಾಗಿಲಿಗೆ ಒರಗಿಸಿ ನಿಲ್ಲಿಸಿ, ನೆತ್ತಿಯ ಮಟ್ಟಕ್ಕೆ ಗೀಟೆಳೆದು, ಪಕ್ಕದಲ್ಲಿ ವರ್ಷವನ್ನು ಬರೆದಿಡುತ್ತಾರೆ. ಒಂದು ವರ್ಷ ನೆಲದ ಮೇಲೆ ನಿಂತ ಮಗು ಮರುವರ್ಷ ಹೊಸ್ತಿಲ ಮೇಲೆ ನಿಂತಿದ್ದರೆ? ಗೀಟಿನಲ್ಲಿ ಮೋಸವಿಲ್ಲ, ಎಳೆದ ಕೈಯಲ್ಲೂ ತಪ್ಪಿಲ್ಲ. ಆದರೂ ಮಗು ಒಂದೇ ವರ್ಷದಲ್ಲಿ ಗೇಣುದ್ದ ಬೆಳೆದಂತೆ ಕಂಡು, ಅಜ್ಜಿ ದೃಷ್ಟಿ ತೆಗೆಯಲು ಹೊರಟಾಳು!

ಭೂಮಿಯ ಎತ್ತರವನ್ನು ಅಳೆಯುವ ಪಂಡಿತರಿಗೂ ಈ ತೊಡಕು ತಪ್ಪಿದ್ದಲ್ಲ. ಒಂದು ಗಣಕಯಂತ್ರದ ಭೂಪಟದಿಂದ ಇನ್ನೊಂದು ಗಣಕಯಂತ್ರದ ಪ್ರತಿರೂಪಕ್ಕೆ ಎತ್ತರದ ಲೆಕ್ಕವನ್ನು ಸಾಗಿಸುವಾಗ ‘ಎಲ್ಲಿಂದ ಅಳೆದದ್ದು?’ ಎಂಬ ಪ್ರಶ್ನೆಯನ್ನು ಮರೆತರೆ, ಊರಿಗೆ ಊರೇ ಪಾತಾಳಕ್ಕೆ ಇಳಿಯುತ್ತದೆ. ಇದರ ಮಹತ್ವವನ್ನು ಅರಿಯಲು ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆಯ ಬಯಲಿಗಿಂತ ಒಳ್ಳೆಯ ಪಾಠಶಾಲೆ ಸಿಕ್ಕುವುದು ಕಷ್ಟ.

ಹುಲ್ಲುಗಾವಲಿನಲ್ಲಿ ಇಳಿದ ಪುಷ್ಪಕ

೨೦೨೩ನೆಯ ಇಸವಿಯ ಏಪ್ರಿಲ್ ೨ರ ಬೆಳಗ್ಗೆ ಏಳು ಗಂಟೆ ದಾಟಿತ್ತು. ವಾಯುಪಡೆಯ ಚಿನೂಕ್ ಹೆಲಿಕಾಪ್ಟರು ರೆಕ್ಕೆಯುಳ್ಳ ವಾಹನವೊಂದನ್ನು ತನ್ನ ಹೊಟ್ಟೆಯ ಕೆಳಗೆ ತೂಗಿಸಿಕೊಂಡು ವರವು ಕಾವಲಿನ ಆಕಾಶಕ್ಕೇರಿತು. ಸುಮಾರು ನಾಲ್ಕೂವರೆ ಕಿಲೋಮೀಟರು ಎತ್ತರದಲ್ಲಿ ಅದನ್ನು ಕೈಬಿಟ್ಟಿತು. ವಾಹನದಲ್ಲಿ ಚಾಲಕನಿರಲಿಲ್ಲ, ಎಂಜಿನ್ನಿನ ಬಲವೂ ಇರಲಿಲ್ಲ. ತನ್ನ ದಾರಿಯನ್ನು ತಾನೇ ಲೆಕ್ಕಹಾಕಿಕೊಂಡು ಬಂದು, ಏಳು ಗಂಟೆ ನಲವತ್ತು ನಿಮಿಷಕ್ಕೆ ಅದು ಓಡುದಾರಿಯ ಮೇಲೆ ಇಳಿದು ನಿಂತಿತು. ಬಾಹ್ಯಾಕಾಶಕ್ಕೆ ಹೋಗಿ ಮರಳುವ ವಾಹನವನ್ನು ರೂಪಿಸಲು ಇಸ್ರೋ ಸಂಸ್ಥೆ ಕೈಗೊಂಡ ಪ್ರಯೋಗ ಇದು. ೨೦೨೪ರ ಮಾರ್ಚ್ ೨೨ರಂದು ಮತ್ತು ಜೂನ್ ೨೩ರಂದು ‘ಪುಷ್ಪಕ’ವೆಂಬ ಹೆಸರಿನಿಂದ ಇನ್ನೂ ಕಠಿಣವಾದ ಎರಡು ಪರೀಕ್ಷೆಗಳು ನಡೆದವು. ಕೊನೆಯ ಪರೀಕ್ಷೆಯಲ್ಲಿ ಅದು ನೆಲ ಮುಟ್ಟಿದಾಗ ಅದರ ವೇಗ ಗಂಟೆಗೆ ೩೨೦ ಕಿಲೋಮೀಟರಿಗಿಂತ ಹೆಚ್ಚಾಗಿತ್ತು. ಪ್ರಯಾಣಿಕರ ವಿಮಾನಗಳು ಇಳಿಯುವುದು ೨೬೦ರ ಆಸುಪಾಸಿನಲ್ಲಿ.

ಎಂಜಿನ್ನಿಲ್ಲದ ವಾಹನಕ್ಕೆ ಮರಳಿ ಮೇಲೇರಿ ಇನ್ನೊಮ್ಮೆ ಪ್ರಯತ್ನಿಸುವ ಅವಕಾಶವಿಲ್ಲ. ನೆಲ ಎಷ್ಟು ದೂರದಲ್ಲಿದೆ ಎಂಬುದು ಅದಕ್ಕೆ ಚೊಕ್ಕವಾಗಿ ತಿಳಿದಿರಬೇಕು. ರೇಡಾರ್ ಅಲೆಗಳನ್ನು ಕೆಳಕ್ಕೆ ಬಿಟ್ಟು, ಅವು ಮರಳುವ ಕಾಲವನ್ನು ಎಣಿಸಿ ದೂರವನ್ನು ತಿಳಿಯುವ ಉಪಕರಣ ಅದರಲ್ಲಿತ್ತು. ಆದರೆ ಅದು ಹೇಳುವುದು ಆ ಕ್ಷಣ ಕೆಳಗಿರುವ ನೆಲದ ಮಾತನ್ನು ಮಾತ್ರ. ಕೆಳಗೆ ಹಳ್ಳ ಬಂದರೆ ತಾನೇ ಮೇಲೇರಿದಂತೆ, ದಿಬ್ಬ ಬಂದರೆ ತಾನೇ ಕುಸಿದಂತೆ ಭ್ರಮೆ ಹುಟ್ಟುವುದು. ಆದುದರಿಂದ ಇಳಿದಾಣದ ನೆಲದ ಏರಿಳಿತಗಳ ಅಂಕಿಗಳ ಪ್ರತಿರೂಪವನ್ನು ಮೊದಲೇ ಸಿದ್ಧಪಡಿಸಿಕೊಂಡು, ರೇಡಾರಿನೊಡನೆ ಅದನ್ನೂ ಬಳಸಿಕೊಂಡರು.

ದನದ ಕಾವಲು, ಅಂಕಿಗಳ ಕಾವಲು

ಈ ಬಯಲಿನ ಹಳೆಯ ಕತೆ ಬೇರೆಯೇ. ಚಿಕ್ಕದೇವರಾಜ ಒಡೆಯರ ಕಾಲದ ‘ಬೆಣ್ಣೆ ಚಾವಡಿ’ಯ ದನಗಳಿಗೆ ಟಿಪ್ಪು ಸುಲ್ತಾನನು ‘ಅಮೃತಮಹಲ್’ ಎಂಬ ಹೆಸರಿಟ್ಟನು. ಫಿರಂಗಿ ಎಳೆಯುವ ಆ ಗಟ್ಟಿ ತಳಿಗಾಗಿ ಮೀಸಲಿಟ್ಟ ಹುಲ್ಲುಗಾವಲುಗಳೇ ಕಾವಲುಗಳು. ಮ್ಯಾಸಬೇಡರು ಮತ್ತು ಕಾಡುಗೊಲ್ಲರು ‘ದೇವರ ಎತ್ತು’ಗಳನ್ನು ಭಕ್ತಿಯಿಂದ ಸಾಕುವ ಸೀಮೆಯಿದು, ಕೃಷ್ಣಮೃಗಗಳು ನೆಗೆಯುವ ಬಯಲೂ ಹೌದು. ೨೦೦೯ರಿಂದೀಚೆಗೆ ವರವು ಕಾವಲ್, ಕುದಾಪುರ, ಉಳ್ಳಾರ್ತಿಗಳ ಸಾವಿರಾರು ಎಕರೆಗಳನ್ನು ವಿಜ್ಞಾನ ಹಾಗೂ ರಕ್ಷಣಾ ಸಂಸ್ಥೆಗಳಿಗೆ ಕೊಡಲಾಯಿತು. ಮೇವು ಕಳೆದುಕೊಂಡವರ ಪರವಾದ ದೂರು ಹಸಿರು ನ್ಯಾಯಾಧಿಕರಣದವರೆಗೂ ಹೋಯಿತು. ವರವು ಕಾವಲಿನಲ್ಲಿ ಸುಮಾರು ೪,೨೯೦ ಎಕರೆಯ ವೈಮಾನಿಕ ಪರೀಕ್ಷಾ ಕ್ಷೇತ್ರವು ೨೦೧೭ರಲ್ಲಿ ಉದ್ಘಾಟನೆಯಾಯಿತು.

ಈ ನೆಲವನ್ನು ಗಣಕಯಂತ್ರ ನೋಡುವ ಬಗೆ ಸರಳ. ಇಡೀ ಬಯಲಿನ ಮೇಲೆ ಚದುರಂಗದ ಹಾಸನ್ನು ಹರಡಿದಂತೆ ಮನೆಗಳನ್ನು ಎಳೆದು, ಒಂದೊಂದು ಮನೆಗೂ ಒಂದೊಂದು ಎತ್ತರದ ಸಂಖ್ಯೆಯನ್ನು ಬರೆಯುವುದು. ಮೂವತ್ತು ಮೀಟರು ಚೌಕದ ಮನೆಗಳಾದರೆ ೪,೨೯೦ ಎಕರೆಗೆ ಹತ್ತೊಂಬತ್ತು ಸಾವಿರಕ್ಕೂ ಹೆಚ್ಚು ಸಂಖ್ಯೆಗಳು ಬೇಕು. ಇಂತಹ ಹಾಸುಗಳನ್ನು ಇಂದು ವಿದ್ಯಾರ್ಥಿಗಳೂ ಪಡೆಯಬಹುದು. ೨೦೦೦ದ ಫೆಬ್ರವರಿಯಲ್ಲಿ ಅಮೆರಿಕದ ‘ಎಂಡೆವರ್’ ನೌಕೆ ಹನ್ನೊಂದು ದಿನ ಭೂಮಿಯನ್ನು ಸುತ್ತಿ ರೇಡಾರಿನಿಂದ ಅಳೆದದ್ದು ಒಂದು. ೨೦೦೫ರಲ್ಲಿ ಹಾರಿಸಿದ ನಮ್ಮ ಕಾರ್ಟೋಸ್ಯಾಟ್-೧ ಉಪಗ್ರಹವು, ಎರಡು ಕಣ್ಣುಗಳಿಂದ ನೋಡಿದಂತೆ, ಜೋಡಿ ಚಿತ್ರಗಳನ್ನು ತೆಗೆದು ಒದಗಿಸಿದ್ದು ಇನ್ನೊಂದು.

ಯಾವ ಹೊಸ್ತಿಲಿನಿಂದ?

ಇಲ್ಲಿಯೇ ಬಾಗಿಲುವಾಡದ ಗೀಟಿನ ಸಮಸ್ಯೆ ತಲೆಯೆತ್ತುವುದು. ನಮ್ಮ ದೇಶದ ಹಳೆಯ ಭೂಪಟಗಳು ಸಮುದ್ರಮಟ್ಟವನ್ನು ಸೊನ್ನೆಯೆಂದು ಹಿಡಿದವು. ಕಾರವಾರವೂ ಸೇರಿದಂತೆ ಒಂಬತ್ತು ಬಂದರುಗಳಲ್ಲಿ ಭರತ ಇಳಿತಗಳನ್ನು ವರ್ಷಗಟ್ಟಲೆ ನೋಡಿ ಆ ಮಟ್ಟವನ್ನು ನಿಶ್ಚಯಿಸಿದ್ದರು. ಉಪಗ್ರಹಗಳಿಗೆ ಸಮುದ್ರದ ಗೊಡವೆಯಿಲ್ಲ. ಭೂಮಿಯನ್ನು ನಯವಾದ, ಧ್ರುವಗಳಲ್ಲಿ ತುಸು ಚಪ್ಪಟೆಯಾದ ಗೋಲವೆಂದು ಗಣಿತದಲ್ಲಿ ಕಲ್ಪಿಸಿಕೊಂಡು, ಅದರ ಮೈಯಿಂದ ಅವು ಎತ್ತರವನ್ನು ಎಣಿಸುತ್ತವೆ. ನಿಜವಾದ ಸಮುದ್ರವೋ ಗುರುತ್ವದ ಸೆಳೆತಕ್ಕೆ ತಕ್ಕಂತೆ ಉಬ್ಬಿ ತಗ್ಗುವುದು. ಲೋಕದಲ್ಲೆಲ್ಲ ಅತ್ಯಂತ ಆಳವಾದ ತಗ್ಗು ಇರುವುದು ಶ್ರೀಲಂಕೆಯ ದಕ್ಷಿಣಕ್ಕೆ, ಹಿಂದೂ ಮಹಾಸಾಗರದಲ್ಲಿ. ಅಲ್ಲಿ ನೂರು ಮೀಟರಿಗೂ ಹೆಚ್ಚಿನ ಅಂತರ. ಅದರ ಪ್ರಭಾವ ನಮ್ಮ ನಾಡಿಗೂ ಹಬ್ಬಿದೆ. ಚಳ್ಳಕೆರೆಯ ಸೀಮೆಯಲ್ಲಿ ಕಲ್ಪಿತ ಗೋಲಕ್ಕೂ ಸಮುದ್ರಮಟ್ಟಕ್ಕೂ ಸುಮಾರು ಎಂಬತ್ತು ಮೀಟರುಗಳ ವ್ಯತ್ಯಾಸವಿದೆ.

ಅಮೆರಿಕದ ಹಾಸು ಸಮುದ್ರಮಟ್ಟದಿಂದ ಎಣಿಸುತ್ತದೆ. ಕಾರ್ಟೋಸ್ಯಾಟಿನ ಹಾಸು ಕಲ್ಪಿತ ಗೋಲದಿಂದ. ಒಂದು ಹೊಲದ ಎತ್ತರ ಮೊದಲನೆಯದರಲ್ಲಿ ಆರು ನೂರು ಮೀಟರೆಂದಿದ್ದರೆ, ಎರಡನೆಯದರಲ್ಲಿ ಐನೂರ ಇಪ್ಪತ್ತರ ಆಸುಪಾಸಿನಲ್ಲಿರುವುದು. ಎರಡೂ ಸತ್ಯವೇ. ಇದನ್ನರಿಯದೆ ಎರಡು ಹಾಸುಗಳನ್ನು ಪಕ್ಕಪಕ್ಕ ಹೊಲಿದರೆ, ಬಟ್ಟಬಯಲಿನ ನಡುವೆ ಎಂಬತ್ತು ಮೀಟರು ಆಳದ ಪ್ರಪಾತವೊಂದು ಬಾಯ್ದೆರೆಯುವುದು. ಶ್ರವಣಬೆಳಗೊಳದ ಗೊಮ್ಮಟನಂತಹ ನಾಲ್ಕು ಮೂರ್ತಿಗಳನ್ನು ಒಂದರ ಮೇಲೊಂದು ನಿಲ್ಲಿಸಿದರೂ ಆ ಪ್ರಪಾತದಲ್ಲಿ ಇನ್ನೂ ಜಾಗ ಉಳಿದೀತು!

ಸಾಗಣೆಯ ಸಂಕಟಗಳು

ಭೂಪಟದ ತಂತ್ರಾಂಶದಿಂದ ಪ್ರತಿರೂಪ ಕಟ್ಟುವ ತಂತ್ರಾಂಶಕ್ಕೆ ಸಂಖ್ಯೆಗಳನ್ನು ಕಳುಹಿಸುವಾಗ ಕಾಯುವ ಅಪಾಯಗಳು ಇನ್ನೂ ಇವೆ. ಭೂಪಟವು ನೆಲದ ಉದ್ದಗಲಗಳನ್ನು ಡಿಗ್ರಿಗಳಲ್ಲಿ, ಎತ್ತರವನ್ನು ಮೀಟರುಗಳಲ್ಲಿ ಬರೆದಿರಬಹುದು. ಒಂದು ಡಿಗ್ರಿಯೆಂದರೆ ಸುಮಾರು ನೂರ ಹತ್ತು ಕಿಲೋಮೀಟರು. ಸ್ವೀಕರಿಸುವ ತಂತ್ರಾಂಶವು ಎರಡನ್ನೂ ಒಂದೇ ಎಂದು ಬಗೆದರೆ ಪ್ರತಿ ದಿಬ್ಬವೂ ದಬ್ಬಣದಂತೆ ಆಕಾಶವನ್ನು ಚುಚ್ಚುವುದು. ಅಳತೆ ಸಿಕ್ಕದ ಮನೆಗಳಲ್ಲಿ ‘ಇಲ್ಲಿ ಏನೂ ತಿಳಿಯದು’ ಎಂಬ ಗುರುತಿಗೆ ಋಣ ೩೨,೭೬೮ ಎಂಬಂತಹ ಸಂಖ್ಯೆ ಬರೆಯುವ ರೂಢಿಯಿದೆ. ಸಂಕೇತವನ್ನರಿಯದ ತಂತ್ರಾಂಶ ಅದನ್ನೇ ನಂಬಿ, ಮೂವತ್ತೆರಡು ಕಿಲೋಮೀಟರು ಆಳದ ಬಾವಿ ತೋಡಿಬಿಡುತ್ತದೆ.

ಇವೆಲ್ಲ ಕಣ್ಣಿಗೆ ಹೊಡೆಯುವ ತಪ್ಪುಗಳು. ಆದುದರಿಂದಲೇ ಅಷ್ಟು ಅಪಾಯಕಾರಿಯಲ್ಲ. ಸದ್ದಿಲ್ಲದೆ ನುಸುಳುವ ತಪ್ಪೇ ಬೇರೆ. ಎತ್ತರಗಳನ್ನು ಕಪ್ಪಿನಿಂದ ಬಿಳುಪಿನವರೆಗಿನ ಛಾಯೆಗಳ ಚಿತ್ರವಾಗಿ ಕಳುಹಿಸುವುದುಂಟು. ಸಾಧಾರಣ ಚಿತ್ರದಲ್ಲಿರುವುದು ೨೫೬ ಛಾಯೆಗಳು ಮಾತ್ರ. ಗುಡ್ಡಗಳೂ ಸೇರಿ ಐನೂರು ಮೀಟರುಗಳ ಏರಿಳಿತವನ್ನು ಅಷ್ಟರಲ್ಲಿ ಹಂಚಿದರೆ ಒಂದೊಂದು ಮೆಟ್ಟಿಲು ಸುಮಾರು ಎರಡು ಮೀಟರು. ಗುಡ್ಡಕ್ಕೆ ಇದರಿಂದ ನಷ್ಟವಿಲ್ಲ, ಅದು ಗುಡ್ಡವಾಗಿಯೇ ಕಾಣುವುದು. ನಯವಾಗಿ ಇಳಿಯುವ ಕಾವಲಿನ ಬಯಲು ಮಾತ್ರ ಮೆಟ್ಟಿಲು ಮೆಟ್ಟಿಲಾಗಿ ಒಡೆಯುತ್ತದೆ. ೬೫,೫೩೬ ಛಾಯೆಗಳ ಚಿತ್ರವನ್ನು ಬಳಸಿದರೆ ಮೆಟ್ಟಿಲು ಒಂದು ಸೆಂಟಿಮೀಟರಿಗಿಂತಲೂ ಕಿರಿದಾಗಿ, ಬಯಲು ಬಯಲಾಗಿಯೇ ಉಳಿಯುವುದು.

ಆದುದರಿಂದ ಬಲ್ಲವರು ಸಂಖ್ಯೆಗಳನ್ನು ಒಂಟಿಯಾಗಿ ಕಳುಹಿಸುವುದಿಲ್ಲ. ಯಾವ ಸೊನ್ನೆಯಿಂದ, ಯಾವ ಮಾನದಲ್ಲಿ, ಯಾವ ಮೂಲೆಯಿಂದ ಎಣಿಕೆ, ಯಾವ ಸಂಖ್ಯೆಗೆ ಅರ್ಥವಿಲ್ಲ ಎಂಬ ವಿವರಗಳನ್ನು ಜೊತೆಗೆ ಕಟ್ಟಿ ಕಳುಹಿಸುತ್ತಾರೆ. ತಲುಪಿದ ಮೇಲೆ, ಎತ್ತರ ಖಚಿತವಾಗಿ ಗೊತ್ತಿರುವ ಒಂದೆರಡು ಜಾಗಗಳನ್ನು ತಾಳೆ ನೋಡುತ್ತಾರೆ. ೨೦೨೩ರ ಡಿಸೆಂಬರಿನಲ್ಲಿ ಇದೇ ವೈಮಾನಿಕ ಕ್ಷೇತ್ರದಲ್ಲಿ ಚಾಲಕರಹಿತ ವಿಮಾನವೊಂದು, ನೆಲದ ರೇಡಾರಿನ ನೆರವಿಲ್ಲದೆ ತಾನೇ ಇಳಿಯಿತು. ಸರಿಯಾಗಿ ಮೋಜಣಿಯಾದ ಯಾವ ಓಡುದಾರಿಯ ಮೇಲಾದರೂ ಅದು ಹೀಗೆ ಇಳಿಯಬಲ್ಲುದೆಂದು ರಕ್ಷಣಾ ವಿಜ್ಞಾನಿಗಳು ಸಾರಿದರು. ಆ ಮಾತಿನ ಭಾರವೆಲ್ಲ ‘ಸರಿಯಾಗಿ ಮೋಜಣಿಯಾದ’ ಎಂಬುದರ ಮೇಲಿದೆ.

ನೀರಿನ ನೆನಪು

ಇದು ವಿಮಾನಗಳಿಗಷ್ಟೇ ಸಂಬಂಧಿಸಿದ ಮಾತಲ್ಲ. ಚಳ್ಳಕೆರೆ ಮೊಳಕಾಲ್ಮೂರುಗಳು ಮಳೆ ಕಡಮೆಯಾದ ಸೀಮೆ. ಬಿದ್ದ ಹನಿ ಯಾವ ಕೆರೆಗೆ ಸೇರುವುದು, ಎಲ್ಲಿ ಒಡ್ಡು ಕಟ್ಟಿದರೆ ನೀರು ನಿಲ್ಲುವುದು ಎಂಬುದನ್ನೂ ಇಂದು ಇಂತಹ ಹಾಸುಗಳಿಂದಲೇ ಎಣಿಸಬಹುದು. ಮಟ್ಟಸವಾದ ಬಯಲಿನಲ್ಲಿ ಎರಡು ಮೀಟರುಗಳ ಸುಳ್ಳು ಮೆಟ್ಟಿಲು, ಹರಿಯುವ ನೀರನ್ನು ಕಾಗದದ ಮೇಲೆ ಬೇರೆ ಊರಿಗೆ ತಿರುಗಿಸಿಬಿಡಲು ಸಾಕು. ಒಡ್ಡು ಒಂದೆಡೆ ಏಳುವುದು. ಮಳೆ ಬಂದಾಗ ನೀರು ಇನ್ನೊಂದೆಡೆ ಹರಿಯುವುದು.

ದನ ಕಾಯುವವನಿಗೆ ಯಾವ ಹಾಸಿನ ನೆರವೂ ಇರಲಿಲ್ಲ. ಮುಂಗಾರಿನ ಮರುದಿನ ನೀರು ಎಲ್ಲಿ ಮಡುಗಟ್ಟುವುದು, ಹುಲ್ಲು ಮೊದಲು ಎಲ್ಲಿ ಚಿಗುರುವುದು ಎಂಬುದು ಅವನಿಗೆ ಕಾಲಿನಿಂದಲೇ ಗೊತ್ತಿತ್ತು. ಅವನು ಅಳೆಯುತ್ತಿದ್ದ ಸೊನ್ನೆ ಅವನ ಕಾಲಡಿಯ ನೆಲವೇ ಆಗಿತ್ತು. ಹಾಸಿನ ಸಂಖ್ಯೆ ಹಾಗಲ್ಲ. ಅದು ಕೈಯಿಂದ ಕೈಗೆ ಸಾಗುವುದು, ಅಳೆದವನನ್ನು ಬಿಟ್ಟು ದೂರ ಹೋಗುವುದು. ಆದುದರಿಂದಲೇ ಅದರ ಬೆನ್ನಿಗೆ ವಿಳಾಸ ಬರೆದಿರಬೇಕು.

ಮುಂದಿನ ಯುಗಾದಿಗೆ ಮಗುವಿನ ನೆತ್ತಿಗೆ ಗೀಟೆಳೆಯುವವರು ವರ್ಷದ ಪಕ್ಕದಲ್ಲಿ ‘ನೆಲದಿಂದ’ ಎಂಬ ಇನ್ನೊಂದು ಪದವನ್ನೂ ಬರೆದಿಡಲಿ. ಅಜ್ಜಿಗೆ ದೃಷ್ಟಿ ತೆಗೆಯುವ ಶ್ರಮ ಉಳಿದೀತು.